ಗೋರಿಯ ಮೇಲಿನ ಜಾಲಿ

ಸಂಜೆ ರೊಟ್ಟಿ ಬಡಿಯುವಾಗ ಮರೆಮ್ಮ ಹಿತ್ತಲ ಬಾಗಿಲು ಹಾಕುವುದಿಲ್ಲ. ಗಾಳಿಗೆ ಒಲೆಯ ಉರಿ ಅತ್ತಿತ್ತ ಹೊಯ್ದಾಡಿ ರೊಟ್ಟಿ ಒಂದು ಮಗ್ಗುಲು ಕರಿಕಾದರೂ ಸರಿಯೇ, ಬಾಗಿಲು ತೆರೆದಿರಬೇಕು. ಹಿತ್ತಲಿನಾಚೆ ಗಾಯರಾಣ, ಊರ ದನಕುರಿ ಮೇಯಲೆಂದು ಬಿಟ್ಟ ನೆಲ. ಈಗ ಅಲ್ಲಿ ಮೇಯಲು ಏನಿದೆ, ಮಣ್ಣು! ಬಳ್ಳಾರಿ ಜಾಲಿ ಒಂದಕ್ಕೊಂದು ಹೆಣೆದುಕೊಂಡು, ಕುರಿಯಿರಲಿ, ಬೆಕ್ಕೂ ನುಸುಳದಷ್ಟು ದಟ್ಟವಾಗಿದೆ. ಹೊತ್ತು ಮುಳುಗುವಾಗ ಆ ಜಾಲಿಯಿಂದ ಗಾಜಿನ ಬಳೆಗಳ ಸದ್ದು ಬರುತ್ತದೆ. ಅದರ ಹಿಂದೆಯೇ, ಬೇರೆ ಯಾರೂ ಕೇಳಿದ್ದೇನೆಂದು ಹೇಳದ ಒಂದು ಕೂಗು.

"ಯವ್ವಾ..."

ಅಷ್ಟೇ. ಮುಂದಿನ ಮಾತು ಎಂದೂ ಕೇಳಿಸುವುದಿಲ್ಲ.

ಬಳೆಗಳೇನೋ ನಿಜವಾದವೇ. ಪ್ರತಿ ನಾಗರ ಪಂಚಮಿಗೆ ಮರೆಮ್ಮ ತಾನೇ ಕಟ್ಟಿ ಬರುವ ಹಸಿರು ಬಳೆಗಳು. ಒಬ್ಬಳೇ ಮಗಳು ಚಂದ್ರಕಲಾ ಮೂರನೇ ಇಯತ್ತೆಯಲ್ಲಿದ್ದಾಗ ಜ್ವರ ಬಂದು ತೀರಿಕೊಂಡಳು. ಗಾಯರಾಣದ ಅಂಚಿನಲ್ಲೇ ಮಣ್ಣು ಮಾಡಿದರು. ನರಿ, ನಾಯಿ ಕೆದರಬಾರದೆಂದು ಹೊಸ ಗೋರಿಗೆ ಮುಳ್ಳಿನ ಕೊಂಬೆ ಹೊದಿಸುವುದು ಆ ಊರಿನ ಪದ್ಧತಿ. ಹಿಂದೆಲ್ಲ ಬೋರೆಗಿಡದ ಬಾರಿ ಮುಳ್ಳು ಹಾಕಿ, ಒಣಗಿದ ಮೇಲೆ ಎತ್ತಿ ಒಗೆಯುತ್ತಿದ್ದರು. ಆ ದಿನ ಗಡಿಬಿಡಿಯಲ್ಲಿ ಕೈಗೆ ಸಿಕ್ಕಿದ್ದು ರಸ್ತೆಬದಿಯ ಬಳ್ಳಾರಿ ಜಾಲಿ. ಕೊಂಬೆಯ ತುಂಬ ಒಣಗಿದ ಕಾಯಿ ಇದ್ದವು. ಮಳೆ ಬಿದ್ದ ಮೇಲೆ ಗೋರಿಯ ಮೇಲೊಂದು ಸಸಿ ಎದ್ದಿತು.

"ಮಗಳು ಹೊಳ್ಳಿ ಬಂದಾಳ ನೋಡ" ಎಂದರು ಊರ ಹಿರಿಯರು.

ಸತ್ತ ಮಗಳು ಹಸಿರಾಗಿ ಎದ್ದು ನಿಂತರೆ ಯಾವ ತಾಯಿ ಕೀಳುತ್ತಾಳೆ ಹೇಳಿ! ಬೇರೆಯವರ ಗೋರಿಗಳ ಮೇಲೂ ಹಾಗೇ ಎದ್ದವು. ಸತ್ತವರ ಗಿಡಕ್ಕೆ ಯಾರೂ ಕೊಡಲಿ ಹಚ್ಚಲಿಲ್ಲ. ಕುರಿಗಳು ಆ ಕಾಯಿ ತಿಂದು ಹಿಕ್ಕೆ ಹಾಕಿದಲ್ಲೆಲ್ಲ ಜಾಲಿ ಹುಟ್ಟಿ ಗಾಯರಾಣ ತುಂಬಿತು. ಕರಡ ಹುಲ್ಲು ಹೋಯಿತು. ಹುಲ್ಲಿನ ಹಿಂದೆ ಚಿಗರಿ ಜಿಂಕೆಗಳು ಹೋದವು. ಕೊನೆಗೆ ಗೋರಿಗೆ ಹೋಗುವ ದಾರಿಯೂ ಮುಚ್ಚಿತು. ಮರೆಮ್ಮ ಹೊರಗಿನ ಕೊಂಬೆಗೇ ಬಳೆ ಕಟ್ಟಿ, ಅಲ್ಲೇ ನಿಂತು ಅತ್ತು ಬರುತ್ತಿದ್ದಳು.

ಈ ಬೇಸಿಗೆಯಲ್ಲಿ ಪಂಚಾಯಿತಿಯವರು ಜಾಲಿಯನ್ನು ಬೇರುಸಮೇತ ಕಿತ್ತು ಮೊದಲಿನ ಹುಲ್ಲು ಬೆಳೆಸಲು ಉದ್ಯೋಗ ಖಾತ್ರಿ ಕೆಲಸ ತೆಗೆದರು. ಕೂಲಿಯವರ ಮುಂದಾಳು ಲುಂಬಿನಿ ಅದೇ ಊರಿನವಳು, ಚಂದ್ರಕಲಾಳ ಪಕ್ಕದಲ್ಲಿ ಕುಳಿತು ಅಕ್ಷರ ಕಲಿತವಳು. ಗಾಯರಾಣದ ಬಹುಪಾಲು ಬಯಲಾಗಿ ಕೆಲಸ ಗೋರಿಗಳ ಹತ್ತಿರ ಬಂದ ದಿನ ಮರೆಮ್ಮ ಹೋಗಿ ಅಡ್ಡ ಕುಳಿತುಬಿಟ್ಟಳು.

"ಮೊದಲ ನನ್ನ ಮ್ಯಾಲ ಕೊಡಲಿ ಹಾಕ್ರಿ. ಆಮ್ಯಾಲ ನನ್ನ ಮಗಳ ಮ್ಯಾಲ ಹಾಕೀರಂತ."

ಲುಂಬಿನಿ ಪಿಕಾಸಿ ಕೆಳಗಿಟ್ಟು ಆಕೆಯ ಪಕ್ಕದಲ್ಲಿ ಕುಳಿತಳು. "ಕಾಕಿ, ಇದೊಂದು ಬಿಟ್ರ ಇದರ ಕಾಯಿ ಉದುರಿ ಮತ್ತ ಎಲ್ಲಾ ಕಡಿ ಜಾಲಿನೇ ಆಗ್ತದ. ಇಷ್ಟು ಮಂದಿ ಬೆವರು ಸುರಿಸಿದ್ದು ನೀರಾಗ ಹೋಮ ಮಾಡಿದಂಗ."

"ನಿನ್ನ ಹುಲ್ಲಿನ ಸಲುವಾಗಿ ನನ್ನ ಮಗಳು ಹೋಗಬೇಕೇನ?"

"ನಾನೂ ಆಕಿ ಗೆಳತಿನೇ ಹೌದಲ್ರಿ ಕಾಕಿ."

"ನಿನಗ ಮದಿವಿ ಆತು, ಮಕ್ಕಳಾದ್ವು. ನನಗ ಈ ಗಿಡ ಬಿಟ್ರ ಏನದ ಹೇಳು?"

ಅಷ್ಟರಲ್ಲಿ ಮರೆಮ್ಮನ ಗಂಡ ಸಿದ್ದಣ್ಣ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಬಂದ. ಮೇವು ಹುಡುಕಿ ಕುರಿಗಳೊಂದಿಗೆ ತಾಂಡೂರಿನ ಕಡೆ ಅಲೆದು, ತಿಂಗಳುಗಟ್ಟಲೆ ಮನೆ ಕಾಣದವನು.

"ಏಳು ಇನ್ನ," ಎಂದ. "ಮೊದಲ ಇಲ್ಲಿ ಮೊಣಕಾಲ ಮಟ ಹುಲ್ಲಿತ್ತು. ನಮ್ಮ ಚಂದ್ರಿ ಅದರಾಗ ಅಡಗಿ ಕುಂತ್ರ ಹುಡುಕಿ ಹುಡುಕಿ ಸಾಕಾಗ್ತಿತ್ತು. ಈ ಮುಳ್ಳಿನಾಗ ಆಕಿ ಹ್ಯಾಂಗ ಇರ್ತಾಳ?"

"ಸಂಜಿಮುಂದ ದಿನಾ ಕರೀತಾಳ. ನಿನಗ ಕಿವಿ ಇಲ್ಲ, ಏನ್ ಮಾಡ್ಲಿ!"

ಸಿದ್ದಣ್ಣ ಹೆಗಲ ಕಂಬಳಿ ತೆಗೆದು ಆಕೆಯೆದುರು ಕುಕ್ಕರಿಸಿದ. "ನನಗೂ ಕೇಳಸ್ತದ," ಎಂದ ಮೆಲ್ಲಗೆ. "ಅದಕ್ಕೇ ನಾ ಸಂಜಿಮುಂದ ಮನ್ಯಾಗ ಇರಂಗಿಲ್ಲ. ನೀ ಏನ್ ತಿಳದಿದ್ದಿ, ಮೇವಿಗಷ್ಟೇ ಊರ ಬಿಟ್ಟ ಹೋಗ್ತೀನಂತ?"

ಮರೆಮ್ಮ ತಲೆಯೆತ್ತಿ ಗಂಡನನ್ನು ನೋಡಿದಳು. ಇಷ್ಟು ವರ್ಷ ತಾನೊಬ್ಬಳೇ ಕೇಳುತ್ತಿದ್ದೇನೆಂದು ತಿಳಿದಿದ್ದಳು. ಕೂಲಿಗೆ ಬಂದ ಹೆಂಗಸರು ಸೆರಗು ಬಿಗಿಯಾಗಿ ಹೊದ್ದುಕೊಂಡು ಒಬ್ಬರ ಮುಖ ಒಬ್ಬರು ನೋಡಿದರು.

ಲುಂಬಿನಿ ಎದ್ದಳು. "ಗಿಡ ಮುಟ್ಟಂಗಿಲ್ಲ ಕಾಕಿ. ಗೋರಿ ತನಕ ದಾರಿ ಅಷ್ಟ ಮಾಡಿಕೊಡ್ತೀವಿ. ಹೋಗಿ ಮಗಳನ್ನ ನೋಡಿ ಬರ್ರಿ. ಆಮ್ಯಾಲ ನೀವು ಹೇಳಿದಂಗ."

ಹೊತ್ತು ಇಳಿಯುವಷ್ಟರಲ್ಲಿ ದಾರಿಯಾಯಿತು. ಮರೆಮ್ಮ ಬಗ್ಗಿಕೊಂಡು ಒಳಗೆ ಹೋದಳು. ಒಳಗೆ ಆಗಲೇ ಕತ್ತಲು. ಕಾಲಡಿಗೆ ಒಂದು ಎಸಳು ಹುಲ್ಲಿಲ್ಲ. ಸಿದ್ದಣ್ಣ ಅಂದು ಸಾಲಾಗಿ ಇಟ್ಟಿದ್ದ ಕಲ್ಲುಗಳನ್ನು ಬೇರುಗಳು ಎತ್ತಿ ಒಗೆದಿದ್ದವು. ಗೋರಿಯ ನಟ್ಟನಡುವೆ, ಮಗಳ ಎದೆಯಿರುವಲ್ಲಿ, ತೋಳಿನಲ್ಲಿ ತಬ್ಬಲಾಗದಷ್ಟು ದಪ್ಪದ ಬೊಡ್ಡೆ ಕೂತಿತ್ತು.

ಇನ್ನೊಂದು ಹೆಜ್ಜೆ ಇಟ್ಟಳು. ಚಪ್ಪಲಿ ತೂರಿ ಮುಳ್ಳು ಹಿಮ್ಮಡಿಗೆ ನೆಟ್ಟಿತು.

"ಯವ್ವಾ!"

ಕೂಗಿದ್ದು ತಾನೇ. ನೋವಿಗೆ ಅಲ್ಲೇ ಕುಸಿದು, ಕಾಲನ್ನು ತೊಡೆಯ ಮೇಲೆಳೆದುಕೊಂಡು, ಬಳೆಗೆ ಸಿಕ್ಕಿಸಿದ್ದ ಪಿನ್ನು ಬಿಚ್ಚಿ ಮುಳ್ಳು ಕೆದಕತೊಡಗಿದಳು. ಕೈ ಅರ್ಧಕ್ಕೇ ನಿಂತಿತು. ದಿನಾ ಸಂಜೆ ಕುರಿಗಳ ಹಿಂದಿನಿಂದ ಕುಂಟುತ್ತ ಬಂದು, ಒಲೆಯ ಮುಂದೆ ಕೂತ ತನ್ನ ತೊಡೆಯ ಮೇಲೆ ಧೂಳುಗಾಲು ಇಡುತ್ತಿದ್ದಳು ಚಂದ್ರಿ. ದಿನಾ ಅದೇ ಮಾತು. ಹಿಟ್ಟಿನ ಕೈ ತೊಳೆದು, ಬೈಯುತ್ತ, ಮರೆಮ್ಮ ಇದೇ ಪಿನ್ನಿನಿಂದ ತೆಗೆಯುತ್ತಿದ್ದಳು. ಹೇಗೆ ಮರೆತಳು ಅದನ್ನು?

ಹೊರಗೆ ಬಳೆಗಳು ಸದ್ದು ಮಾಡಿದವು. ಈ ಸಲ ಕೂಗು ಮಾತು ಮುಗಿಸಿತು.

"ಯವ್ವಾ, ಮುಳ್ಳ ತೆಗಿ."

ಮರೆಮ್ಮ ಹುಚ್ಚಿಯಂತೆ ಎರಡೂ ಕೈಯಿಂದ ಬೊಡ್ಡೆಯ ಬುಡ ಕೆದರಿದಳು. ಉಗುರು ಒಡೆದು ರಕ್ತ ಬಂತು. "ಲುಂಬಿನೀ! ಪಿಕಾಸಿ ತಾರವ್ವಾ! ಇದು ನನ್ನ ಮಗಳಲ್ಲ, ನನ್ನ ಮಗಳ ಎದಿ ಮ್ಯಾಲ ಕುಂತದ!"

ಸಿದ್ದಣ್ಣನೇ ಮೊದಲು ಓಡಿ ಬಂದ. ಮರುದಿನ ಮಧ್ಯಾಹ್ನದವರೆಗೆ ಅಗೆದರು. ಕೊನೆಯ ಬೇರು ಕಿತ್ತ ಮೇಲೆ ಮರೆಮ್ಮ ಮಣ್ಣು ಸವರಿ ಸಮ ಮಾಡಿ, "ಹಗುರಾತೇನ ನನ್ನವ್ವಾ?" ಎಂದು ಕೇಳಿದಳು.

ಆ ಸಂಜೆ ಕೂಗು ಬರಲಿಲ್ಲ. ಮರೆಮ್ಮ ರೊಟ್ಟಿ ಬಿಟ್ಟು ಗೊಳೋ ಎಂದು ಅತ್ತಳು. ಸಿದ್ದಣ್ಣ ಒಲೆಯ ಮುಂದೆ ಬಂದು ಕುಳಿತ, ಹೊತ್ತಿದ ರೊಟ್ಟಿ ತಿರುವಿ ಹಾಕಿದ.

ಮಳೆಗಾಲಕ್ಕೆ, ಚಿಂಚೋಳಿಯ ಗುಡ್ಡದಿಂದ ಆರಿಸಿ ತಂದು ಲುಂಬಿನಿ ಚೆಲ್ಲಿದ್ದ ಕರಡದ ಬೀಜ ಮೊಳೆಯಿತು. ಹುಲ್ಲು ಗೋರಿಯ ಮೇಲೂ ಬಂತು. ಅದೇ ದಿನಗಳಲ್ಲಿ ಊರಿನ ಹಿರಿಯ ಸಾಬಣ್ಣ ತೀರಿಕೊಂಡ. ಮಣ್ಣು ಮುಚ್ಚಿದ ಮೇಲೆ ಮಗ ಅಂಬರಾಯ ರೂಢಿಯಂತೆ ರಸ್ತೆಬದಿಯ ಜಾಲಿ ಕಡಿದು ತಂದ. ಮರೆಮ್ಮ ಅಡ್ಡ ಬಂದಳು. ಆಕೆಯ ತಲೆಯ ಮೇಲೆ ಬಾರಿ ಮುಳ್ಳಿನ ಹೊರೆಯಿತ್ತು.

"ಇದನ್ನ ಹಾಕಪ್ಪಾ," ಎಂದಳು. "ನರಿ ಕಾಟ ತಪ್ಪಿದ ಮ್ಯಾಲ ತೆಗೀಲಿಕ್ಕ ಬರೂ ಮುಳ್ಳ ಹಾಕಬೇಕು."

ಅಂಬರಾಯ ಆಕೆಯ ಮುಖ ನೋಡಿದ, ಕೈಯಲ್ಲಿದ್ದ ಜಾಲಿಯ ಕಾಯಿಗಳನ್ನು ನೋಡಿದ. ಕೊಂಬೆಯನ್ನು ಬದಿಗಿಟ್ಟು, ಹೊರೆ ಇಳಿಸಲು ಕೈ ಹಚ್ಚಿದ.