ಐದು ಸೀಟಿ

ಮೈಲಾರಲಿಂಗಪ್ಪ ಅಡುಗೆಮನೆಗೆ ನುಗ್ಗಿ, ಗ್ಯಾಸ್ ಸಿಲಿಂಡರಿನ ಮೇಲಿನ ರೆಗ್ಯುಲೇಟರ್ ಕಿತ್ತು, ಅಂಗಿಯ ಜೇಬಿಗೆ ಹಾಕಿಕೊಂಡು ಹೊರಗೆ ಬಂದ.

"ಹೆಣ ಎತ್ತೋ ತನಕ ಓಣಿಯಾಗ ಒಂದು ಒಲಿ ಉರಿಯಂಗಿಲ್ಲ. ಸತ್ತಾಕಿ ಮನ್ಯಾಗನ ಕುಕ್ಕರ್ ಇಡಾಕ ಬಂದೀಯಲ್ಲ ಸುಂಕಮ್ಮ, ತಲಿ ನೆಟ್ಟಗೈತಿಲ್ಲ?"

"ನಂದು ನೆಟ್ಟಗೈತಿ. ಒಳಗಿರಾಕಿ ನಿನ್ನೆ ರಾತ್ರಿ ಉಂಡಾಕಿ. ಆಕಿಗೆ ಊಟ ಆಗಬೇಕು," ಅಂದಳು ನೆರೆಮನೆಯ ಸುಂಕಮ್ಮ.

ಅಂಗಳದಲ್ಲಿ ಅವನ ಅಕ್ಕ ಕೊಟ್ರಬಸಮ್ಮನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆಯ ತುಂಬ ಭಂಡಾರದ ಅರಿಸಿನ. ಬೆಳಗಿನ ಜಾವ ನಿದ್ದೆಯಲ್ಲೇ ಹೋಗಿದ್ದಳು. ಹಗರಿಬೊಮ್ಮನಹಳ್ಳಿಯಿಂದ ಮಗಳು ಬರುವವರೆಗೆ ಎತ್ತುವಂತಿರಲಿಲ್ಲ. ಆಮೇಲೆ ಮಣ್ಣು ಮಾಡಿ, ಮನೆ ತೊಳೆದು, ಒಲೆ ಹಚ್ಚುವಷ್ಟರಲ್ಲಿ ಸಂಜೆಯಾಗುತ್ತಿತ್ತು.

ಒಳಕೋಣೆಯ ಕಿಟಕಿಯ ಹಿಂದೆ ಸೊಸೆ ರೋಜಾ ಕೂತಿದ್ದಳು. ಮುಖಕ್ಕೆ ಮಾಸ್ಕು, ಕೂದಲಿಲ್ಲದ ತಲೆಗೆ ಬಿಗಿದ ಬಟ್ಟೆ. ಎದೆಯ ಗಂಟಿಗೆ ಕೊಡುತ್ತಿದ್ದ ಆರನೆಯ ಕಿಮೋ, ಅಂದರೆ ಕೊನೆಯದು, ಮುಗಿದು ಎಂಟು ದಿನವಾಗಿತ್ತು. ಮೈಯಲ್ಲಿ ರೋಗ ತಡೆಯುವ ಬಿಳಿ ರಕ್ತಕಣಗಳು ತಳ ಕಂಡಿರುವ ದಿನಗಳು ಇವು, ಇನ್ನೊಂದು ವಾರ ಕಳೆದರೆ ಗೆದ್ದಂತೆ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಆಗಲೇ ಬೇಯಿಸಿದ್ದು, ಬಿಸಿ ಇರುವಾಗಲೇ ಉಣ್ಣಬೇಕು. ಕಾಯಿಸಿದ ನೀರೇ ಕುಡಿಯಬೇಕು. ಜನರ ನಡುವೆ ಕೂರಬಾರದು.

ಕಾನಹೊಸಹಳ್ಳಿಯ ನೆಂಟರು ಬೆಳಿಗ್ಗೆಯೇ ಬುಟ್ಟಿಯಲ್ಲಿ ಮೊಸರನ್ನ ತಂದಿದ್ದರು. ಅವರಲ್ಲೊಬ್ಬಳು ಅಂದಳು, "ಇದನ್ನ ಒಂದು ತುತ್ತು ಉಣ್ಣಲಿ ಬಿಡ್ರಿ. ಊರೆಲ್ಲ ಉಂಡೈತಿ, ಯಾರಿಗೇನಾಗೈತಿ?"

"ಊರಿಗೆ ಕಿಮೋ ಆಗಿಲ್ಲಲ್ಲ," ಅಂದಳು ಸುಂಕಮ್ಮ.

ರೋಜಾಳ ಗಂಡ ಓಬಳೇಶ್ ತಾಯಿಯ ಪಕ್ಕದಲ್ಲಿ ತಲೆ ತಗ್ಗಿಸಿ ಕೂತಿದ್ದ. ಸೋದರಮಾವನಿಗೆ ಎದುರಾಡುವ ಗಂಟಲು ಅವನಿಗೆ ಯಾವತ್ತೂ ಇರಲಿಲ್ಲ.

ಕಿಟಕಿಯಿಂದ ರೋಜಾ ಹೇಳಿದಳು: "ಬ್ಯಾಡ ಸುಂಕಕ್ಕ. ಅತ್ತಿ ಹೆಣದ ಮುಂದ ಒಲಿ ಹಚ್ಚಿಸಿಕೊಂಡ್ಲು ಅನ್ನೋ ಮಾತು ಬ್ಯಾಡ. ಒಂದಿನ ಉಪಾಸ ಇರ್ತೀನಿ."

"ಗುಳಿಗಿ? ಬರೇ ಹೊಟ್ಟ್ಯಾಗ ನುಂಗ್ತೀಯೇನು?"

ರೋಜಾ ಕಿಟಕಿಯ ಸರಳು ಹಿಡಿದು ಅತ್ತೆಯ ಮುಖವನ್ನೇ ನೋಡಿದಳು.

*

ಮೊದಲನೆಯ ಕಿಮೋ ಆದಾಗ ಕೊಟ್ರಬಸಮ್ಮನಿಗೆ ಇದೊಂದೂ ಗೊತ್ತಿರಲಿಲ್ಲ. ಸೊಸೆ ಬಿಳಿಚಿಕೊಂಡಿದ್ದಾಳೆ, ಮೈಗೆ ಕಸುವು ಬರಬೇಕು ಎಂದಷ್ಟೇ ಅನ್ನಿಸಿತ್ತು. ಕುರಿ ಕಾಯುವವರ ಮನೆಯಲ್ಲಿ ಕಸುವಿಗೆ ಇರುವುದು ಒಂದೇ ದಾರಿ. ಮೈಲಾರಲಿಂಗಪ್ಪ ಗುಡೇಕೋಟೆಯ ಅಡವಿಯಲ್ಲಿದ್ದ ತನ್ನ ಹಿಂಡಿನಿಂದ ಆಗಷ್ಟೇ ಕರೆದ ಹಾಲನ್ನು ಬೈಕಿನಲ್ಲಿ ತಂದ. ಚೊಂಬಿನ ಬಾಯಿಗೆ ಇನ್ನೂ ನೊರೆ ಇತ್ತು.

"ಕಾಯಿಸಬ್ಯಾಡಕ್ಕ, ಸತ್ವ ಹೋಗತೈತಿ. ನಾವೆಲ್ಲ ಹಿಂಗ ಕುಡಿದು ಬೆಳೆದಿಲ್ಲೇನು?"

ರೋಜಾ ಮೂಗು ಮುಚ್ಚಿಕೊಂಡು ನಾಲ್ಕು ದಿನ ಕುಡಿದಳು. ಐದನೆಯ ದಿನ ಮೈ ಕೆಂಡವಾಯಿತು. ದಾವಣಗೆರೆಯ ಆಸ್ಪತ್ರೆಯಲ್ಲಿ ಹನ್ನೊಂದು ದಿನ. ಏನು ತಿನ್ನಿಸಿದಿರಿ ಎಂದು ಡಾಕ್ಟರು ಒಂದೊಂದೇ ಕೇಳುತ್ತ ಹಾಲಿಗೆ ಬಂದು ನಿಂತರು. ಹಸಿ ಹಾಲಿನಿಂದಲೇ ಸೋಂಕು ಬಂದಿರಬೇಕು ಎಂದರು.

"ಯಾರು ಕೊಟ್ಟಿದ್ದು?"

"ನಾನ ರೀ," ಅಂದಿದ್ದಳು ಕೊಟ್ರಬಸಮ್ಮ. ಅಷ್ಟೇ.

ಆಸ್ಪತ್ರೆಯಿಂದ ಬಂದ ಕೊಟ್ರಬಸಮ್ಮ ಬೇರೆಯೇ ಹೆಂಗಸಾಗಿದ್ದಳು. ಹೊಸ್ತಿಲ ಬಳಿ ಬಕೆಟ್ಟು, ಮಗ್ಗು, ಸೋಪು ಬಂದು ಕೂತವು. ಕೈ ತೊಳೆಯದೆ ಮಗನೂ ಒಳಗೆ ಬರುವಂತಿರಲಿಲ್ಲ. ಸುಂಕಮ್ಮ ಅಕ್ಕರೆಯಿಂದ ತಂದ ಹಸಿ ಹಕ್ಕರಿಕೆ ಸೊಪ್ಪು, ಮಜ್ಜಿಗೆಯನ್ನು ಹೊಸ್ತಿಲಿನಿಂದಲೇ ವಾಪಸು ಕಳಿಸಿದಳು. ಸುಂಕಮ್ಮ ಓಣಿಯಲ್ಲಿ ನಿಂತು ಬೈದು ಮಾತು ಬಿಟ್ಟಳು. ಊರು ಕೊಟ್ರಬಸಮ್ಮನಿಗೆ ಸೋಪವ್ವ ಎಂದು ಹೆಸರಿಟ್ಟಿತು. "ಸೊಸಿಗೆ ಗಾಳೀನೂ ಕಾಯಿಸಿ ಕೊಡ್ತಾಳಂತ," ಎಂದು ಕಟ್ಟೆಯ ಮೇಲೆ ನಗುತ್ತಿದ್ದರು.

ದಿನಕ್ಕೆ ಮೂರು ಹೊತ್ತು ಆ ಮನೆಯ ಕುಕ್ಕರು ಕೂಗುತ್ತಿತ್ತು. ಅಂಗಳದಲ್ಲಿ ಕೂತು ಕೊಟ್ರಬಸಮ್ಮ ಗಟ್ಟಿಯಾಗಿ ಐದು ಸೀಟಿ ಎಣಿಸುತ್ತಿದ್ದಳು. ಅನ್ನ ಮೂರಕ್ಕೇ ಬೇಯುತ್ತದಲ್ಲ ಅಂದವರಿಗೆ ಅವಳ ಉತ್ತರ ಸಿದ್ಧವಿತ್ತು: "ಮೂರು ಅಕ್ಕಿಗೆ, ಎರಡು ಕಣ್ಣಿಗೆ ಕಾಣಲಾರದವಕ್ಕ."

ಆಮೇಲಿನ ಐದು ಕಿಮೋಗಳಲ್ಲಿ ರೋಜಾಗೆ ಒಮ್ಮೆಯೂ ಜ್ವರ ಬರಲಿಲ್ಲ.

*

ಬಿಸಿಲು ನೆತ್ತಿಗೆ ಬಂತು. ಸುಂಕಮ್ಮ ಮೈಲಾರಲಿಂಗಪ್ಪನನ್ನು ಅಡುಗೆಮನೆಯ ಬಾಗಿಲ ಸಂದಿಗೆ ಕರೆದಳು. "ಯಣ್ಣ, ನಾಕು ಮಂದಿ ಮುಂದ ಆಡೋ ಮಾತಲ್ಲ. ಇಲ್ಲಿ ಬಾ."

*

ಮೂರು ದಿನದ ಕೆಳಗೆ ಕೊಟ್ರಬಸಮ್ಮ ಎದೆ ಒತ್ತಿಕೊಳ್ಳುತ್ತ ಬಂದು ಸುಂಕಮ್ಮನ ಕಟ್ಟೆಯ ಮೇಲೆ ಕೂತಿದ್ದಳು. ಮಾತು ಬಿಟ್ಟು ನಾಲ್ಕು ತಿಂಗಳಾಗಿತ್ತು.

"ಏನು ಸೋಪವ್ವ, ದಾರಿ ತಪ್ಪಿದೇನು?"

"ಲೇ ಸುಂಕಿ, ಈ ಎದಿ ನನ್ನ ಮಾತು ಕೇಳವಲ್ದು. ನಾನು ಹೋದ್ರ ನಮ್ಮ ತಮ್ಮ ಬಂದು ಮೊದಲು ಒಲಿ ಆರಸ್ತಾನ. ನೀನು ಹಚ್ಚಬೇಕು."

"ನಾನ ಯಾಕ?"

"ನನ್ನ ಬಾಗಿಲಿಗೆ ಬಂದು ಬೈದಾಕಿ ಊರಾಗ ನೀನೊಬ್ಬಾಕಿ. ಉಳಿದವರು ಹಿಂದ ಆಡಿಕೊಂಡರು. ನಿನಗ ಹೆದರಿಕಿಲ್ಲ."

ಸುಂಕಮ್ಮ ಎದ್ದು ಕುಡಿಯಲು ನೀರು ತಂದುಕೊಟ್ಟಳು. ಕೊಟ್ರಬಸಮ್ಮ ಏಳುವಾಗ ಹಾಲಿನ ಕತೆಯನ್ನೂ ಹೇಳಿದಳು. "ಅವ ಹಟ ಹಿಡಿದಾಗಷ್ಟ ಇದನ್ನ ಹೇಳು. ಇಲ್ಲಂದ್ರ ನಿನ್ನ ಹೊಟ್ಟ್ಯಾಗ ಇರಲಿ."

*

"ಆವತ್ತಿನ ಜ್ವರ ನಿನಗ ಹೇಳಿದಂಗ ಬಿಸಿಲಿಗೆ ಬಂದಿದ್ದಲ್ಲ ಯಣ್ಣ. ನೀನು ತಂದ ನೊರಿಹಾಲಿಗೆ ಬಂದಿದ್ದು. ಡಾಕ್ಟರು ಕೇಳಿದ್ರ ನಾನ ಕೊಟ್ಟೆ ಅಂದಾಳ. ನಿನ್ನ ಹೆಸರು ಎಲ್ಲೂ ತೆಗೆದಿಲ್ಲ. ನಿನಗ ಗೊತ್ತಾದ್ರ ಮುಂದ ಒಂದಿನಾನೂ ಹಾಲು ಕರಿಯಂಗಿಲ್ಲ ಅಂತ ಅಂಜಿದ್ಲು."

ಮೈಲಾರಲಿಂಗಪ್ಪ ಗೋಡೆಗೆ ಕೈ ಊರಿದ. ಅಂಗಳದಲ್ಲಿ ಅಕ್ಕನ ತಲೆ ಒಂದಿಷ್ಟು ಓರೆಯಾಗಿತ್ತು. ಏನನ್ನೋ ಕೇಳಿಸಿಕೊಳ್ಳುತ್ತಿರುವ ಹಾಗೆ.

ಅವನು ಹೊಸ್ತಿಲಿಗೆ ಹೋದ. ಇಷ್ಟು ದಿನ ಆ ಬಕೆಟ್ಟನ್ನು ಕಂಡು ಗೊಣಗಿದವನು, ಈಗ ಕುಕ್ಕುರುಗಾಲಲ್ಲಿ ಕೂತು ಮೊಣಕೈವರೆಗೆ ಸೋಪು ಹಚ್ಚಿದ. ಎದ್ದು ಒಳಗೆ ಬಂದು, ಜೇಬಿನಿಂದ ರೆಗ್ಯುಲೇಟರ್ ತೆಗೆದು ಸಿಲಿಂಡರಿಗೆ ಒತ್ತಿದ. ಅದು ಟಕ್ಕೆಂದು ಕೂತಿತು.

"ಮತ್ತ ಕೈ ತೊಳಕೋ," ಅಂದಳು ಸುಂಕಮ್ಮ. "ಜೇಬಿನ್ಯಾಗ ತಂಬಾಕು ಇಟ್ಟಿರ್ತೀ."

ಅವನು ಮತ್ತೆ ತೊಳೆದುಕೊಂಡ.

ಸುಂಕಮ್ಮ ಅಕ್ಕಿ, ಹೆಸರುಬೇಳೆ ತೊಳೆದು ಕುಕ್ಕರಿಗೆ ಹಾಕಿ ಉರಿ ಹಚ್ಚಿದಳು. ಅಷ್ಟರಲ್ಲಿ ಮಗಳು ಬಂದು ತಾಯಿಯ ಮಡಿಲಿಗೆ ಬಿದ್ದಳು. ಅತ್ತು ಮುಗಿಯುವ ಹೊತ್ತಿಗೆ ಹೆಗಲು ಕೊಡುವವರು ಸಿದ್ಧರಾಗಿದ್ದರು. ಹಲಗೆ ಬಾರಿಸುವವರು ಕಡ್ಡಿ ಎತ್ತಿದರು.

"ಇನ್ನೇನು, ಎತ್ರಿ," ಎಂದರು ಯಾರೋ ಹಿರಿಯರು.

"ತಡೀರಿ," ಅಂದ ಮೈಲಾರಲಿಂಗಪ್ಪ. "ಅಕ್ಕ ಎಣಿಸೋದು ಇನ್ನೂ ಮುಗಿದಿಲ್ಲ."

ಅಂಗಳದಲ್ಲಿ ಅಳು ನಿಂತಿತು. ಅಡುಗೆಮನೆಯಿಂದ ಸೀಟಿ ಬಂತು.

"ಒಂದು," ಅಂದಳು ರೋಜಾ, ಕಿಟಕಿಯ ಹಿಂದಿನಿಂದ, ಮಾಸ್ಕಿನೊಳಗಿನಿಂದ.

ಎರಡನೆಯದಕ್ಕೆ ಓಬಳೇಶ್ ತಲೆ ಎತ್ತಿದ. "ಎರಡು," ಅಂದ ಅವನು, ಇಡೀ ಅಂಗಳಕ್ಕೆ ಕೇಳುವಂತೆ.

ಮೂರನೆಯದಕ್ಕೆ ಹೆಂಗಸರೂ ದನಿಗೂಡಿಸಿದರು. ನಾಲ್ಕನೆಯದಕ್ಕೆ ಮೊಸರನ್ನ ತಂದವಳೂ ಸೇರಿಕೊಂಡಳು. ಮೈಲಾರಲಿಂಗಪ್ಪ ಒಂದೊಂದೇ ಬೆರಳು ಮಡಚುತ್ತಿದ್ದ, ಹೆಬ್ಬೆರಳೊಂದು ಉಳಿದಿತ್ತು.

ಐದನೆಯದು ಎಲ್ಲಕ್ಕಿಂತ ಉದ್ದವಾಗಿ ಕೂಗಿತು.

"ಐದು!" ಎಂದಿತು ಅಂಗಳ. ಹಲಗೆಗಳು ಒಮ್ಮೆಲೇ ಮೊಳಗಿದವು. ಹೆಗಲುಗಳು ಎದ್ದವು. ಅಡುಗೆಮನೆಯ ಕಿಟಕಿಯಿಂದ ನುಗ್ಗಿದ ಬಿಸಿ ಅನ್ನದ ಹಬೆ, ಮೇಲೇರುತ್ತಿದ್ದ ಕೊಟ್ರಬಸಮ್ಮನ ಹಳದಿ ಹಣೆಯನ್ನು ಸವರಿಕೊಂಡು ಓಣಿಗೆ ಹೋಯಿತು.