ಭಾವನ ಕಳ್ಳಗಿಂಡಿ

ಆಸ್ಪತ್ರೆಯ ರಕ್ತನಿಧಿಯಿಂದ ಲೇಬಲ್ ಇಲ್ಲದ ಚೀಲ ಹೊರಗೆ ಹೋಗುವಂತಿಲ್ಲ. ಆ ಲೇಬಲ್ ಮುದ್ರಿಸುವ ಪ್ರೋಗ್ರಾಂ ಮಾತ್ರ ಹಟಮಾರಿ ಎತ್ತಿನಂತೆ ಆಗಾಗ ನಿಂತುಬಿಡುತ್ತಿತ್ತು. ನಿಂತಾಗಲೆಲ್ಲ ನರ್ಸಕ್ಕ ಮೇಲಿನ ಮಹಡಿಗೆ ಫೋನು ಮಾಡಬೇಕು, ಸರ್ವರ್ ನೋಡಿಕೊಳ್ಳುವ ಪುಟ್ಟಿ ಅದನ್ನು ಎಬ್ಬಿಸಬೇಕು. ಪುಟ್ಟಿ ಮನೆಯಲ್ಲಿ ಕರೆಯುವ ಹೆಸರು. ಅದನ್ನು ಕಚೇರಿಗೂ ಹೊತ್ತು ತಂದವನು ಅವಳ ಭಾವ. ಅಕ್ಕನ ಗಂಡ ಕೆಲಸ ಕಳೆದುಕೊಂಡು ಕೂತಿದ್ದಾಗ ಅವಳೇ ಹಿರಿಯ ಅಧಿಕಾರಿಯ ಹತ್ತಿರ ಗೋಗರೆದು ಪಕ್ಕದ ಮೇಜಿಗೆ ಸೇರಿಸಿಕೊಂಡಿದ್ದಳು.

"ಪ್ರತಿಸಲ ನಿಮ್ಮನ್ನ ಕೂಗೋದೇ ಆಯ್ತಲ್ಲ, ನಾವೇ ಎಬ್ಬಿಸೋ ಹಾಗೆ ಮಾಡಿಕೊಡಿ" ಎಂದು ನರ್ಸಕ್ಕ ಅಂದು ಬೆಳಿಗ್ಗೆ ಮತ್ತೆ ರಾಗ ಎಳೆದಳು. ನ್ಯಾಯವಾದ ಮಾತೇ. ಯಾರು ಯಾವ ಆಜ್ಞೆಯನ್ನು ರೂಟ್ ಹೆಸರಿನಲ್ಲಿ, ಅಂದರೆ ಯಂತ್ರದ ಸರ್ವಾಧಿಕಾರಿಯ ಹೆಸರಿನಲ್ಲಿ, ಓಡಿಸಬಹುದು ಎಂಬ ನಿಯಮಗಳು ಸುಡೊ ಕಡತದಲ್ಲಿರುತ್ತವೆ. ಪುಟ್ಟಿ ಅಲ್ಲಿ ನರ್ಸಕ್ಕನಿಗಾಗಿ ಒಂದು ಸಾಲು ಸೇರಿಸಿದಳು. ತಪ್ಪಿದ್ದರೆ ತಡೆದು ಎಚ್ಚರಿಸುವ ವಿಸುಡೊ ಎಂಬ ಎಡಿಟರ್‌ನಲ್ಲೇ ಆ ಕಡತವನ್ನು ತಿದ್ದಬೇಕೆಂದು ಅವಳಿಗೆ ಗೊತ್ತಿತ್ತು. ಆದರೆ ಒಂದು ಸಾಲಿಗೇನು ಮಹಾ ಎಂದು ಸಾಮಾನ್ಯ ಎಡಿಟರ್‌ನಲ್ಲೇ ಬರೆದು, ಉಳಿಸಿ, ಮುಚ್ಚಿದಳು.

ಅಷ್ಟರಲ್ಲಿ ಫೋನು. "ಮತ್ತೆ ನಿಂತಿದೆ! ಆಪರೇಷನ್ ಕೋಣೆಯಿಂದ ರಕ್ತ ಕೇಳ್ತಿದ್ದಾರೆ, ಬೇಗ!"

ಪುಟ್ಟಿ ಆಜ್ಞೆ ಕೊಟ್ಟಳು. ಸುಡೊ ಒಪ್ಪಲಿಲ್ಲ. ನಿಯಮದ ಕಡತದಲ್ಲಿ ತಪ್ಪಿದೆ, ಯಾರಿಗೂ ಅಪ್ಪಣೆಯಿಲ್ಲ ಎಂದಿತು. ತಿದ್ದೋಣವೆಂದರೆ ತಿದ್ದುವುದಕ್ಕೂ ಸುಡೊ ಬೇಕು. ಮನೆಯೊಳಗೆ ಕೀಲಿಕೈ ಬಿಟ್ಟು ಬಾಗಿಲು ಎಳೆದುಕೊಂಡಂತಾಯಿತು. ರೂಟ್‌ನ ಪಾಸ್‌ವರ್ಡ್ ಗೊತ್ತಿದ್ದವರು ಹಿರಿಯ ಅಧಿಕಾರಿ ಒಬ್ಬರೇ, ಅವರು ವಿಮಾನದಲ್ಲಿದ್ದರು.

"ಏನಾಯ್ತು ಪುಟ್ಟಿ? ಮುಖ ಯಾಕೆ ಹಾಗಾಗಿದೆ?" ಎಂದ ಭಾವ.

"ಭಾವ, ನಾನೇ ಎಲ್ಲರನ್ನೂ ಹೊರಗೆ ಹಾಕಿಬಿಟ್ಟೆ. ಅಲ್ಲಿ ಮನುಷ್ಯನ ಹೊಟ್ಟೆ ಕೊಯ್ದಿಟ್ಟು ಕಾಯ್ತಿದ್ದಾರೆ!"

ಭಾವ ಬಾಗಿಲ ಕಡೆ ಒಮ್ಮೆ ನೋಡಿದ. ತನ್ನ ಕೀಬೋರ್ಡ್ ಎಳೆದುಕೊಂಡು ಏನೋ ಒತ್ತಿ, "ತಗೋ, ಸರಿ ಮಾಡು" ಎಂದು ಪರದೆಯನ್ನು ಅವಳತ್ತ ತಿರುಗಿಸಿದ.

ಪರದೆಯ ಮೇಲೆ ರೂಟ್ ಎಂದಿತ್ತು.

ಪುಟ್ಟಿ ಆ ಪದವನ್ನು ಎರಡೆರಡು ಸಲ ಓದಿದಳು. ಫೋನು ಮತ್ತೆ ಬಡಿದುಕೊಂಡಾಗ ಎಚ್ಚೆತ್ತಳು. ಮೊದಲು ಪ್ರೋಗ್ರಾಂ ಎಬ್ಬಿಸಿದಳು. "ಬಂತು, ಲೇಬಲ್ ಬಂತು" ಎಂಬ ನರ್ಸಕ್ಕನ ದನಿ ಕೇಳಿದ ಮೇಲೆ ವಿಸುಡೊ ತೆರೆದಳು. ಬೆಳಿಗ್ಗೆ ತಾನು ಸೇರಿಸಿದ ಸಾಲಿನಲ್ಲಿ ಒಂದು ಸಮಚಿಹ್ನೆ ಬಿಟ್ಟುಹೋಗಿತ್ತು. ಅದನ್ನು ಹಾಕಿ ಉಳಿಸಿ, ನಿಧಾನವಾಗಿ ತಿರುಗಿದಳು.

"ಇದು ನಿಮ್ಮ ಕೈಗೆ ಹೇಗೆ ಬಂತು, ಭಾವ?"

"ನೀನೇ ಕೊಟ್ಟಿದ್ದು. ಒಂದು ಕಡತ ತಿದ್ದೋಕೆ ಅಂತ ಎಡಿಟರ್‌ನ ರೂಟ್ ಹೆಸರಲ್ಲಿ ಓಡಿಸೋ ಅಪ್ಪಣೆ ಕೊಟ್ಟೆಯಲ್ಲ? ಎಡಿಟರ್ ಒಳಗಿಂದಲೇ ಯಾವ ಆಜ್ಞೆ ಬೇಕಾದ್ರೂ ಕೊಡೋ ರೂಟ್ ಶೆಲ್ ತೆಗೀಬಹುದು. ತೆಗೆದೆ. ಆಮೇಲೆ ನೀನು ಅಪ್ಪಣೆ ವಾಪಸ್ ತಗೊಂಡೆ, ಅಷ್ಟರಲ್ಲಿ ಯಾವಾಗ ಬೇಕಾದ್ರೂ ಒಳಗೆ ಬರೋಕೆ ನಾನೊಂದು ಕಳ್ಳಗಿಂಡಿ ಮಾಡಿಟ್ಟಿದ್ದೆ."

"ಯಾಕೆ?"

"ಸಣ್ಣ ಸಣ್ಣದಕ್ಕೂ ನಾದಿನಿ ಮುಂದೆ ಕೈಯೊಡ್ಡಬೇಕಿತ್ತು. ಏನೂ ಕೆಡಿಸಿಲ್ಲ ಕಣೇ, ನಿಮ್ಮಕ್ಕನಾಣೆ. ಈ ವಿಷಯ ಇಲ್ಲಿಗೇ ಬಿಡು. ಇವತ್ತು ನಿನ್ನ ಮಾನ ಉಳಿಸಿದ್ದು ಅದೇ ತಾನೇ?"

ಆ ಮಾತು ಅವಳಿಗೆ ಕಪಾಳಕ್ಕೆ ಹೊಡೆದಂತಾಯಿತು. ರೋಗಿಗಳ ಗುಟ್ಟು, ಯಾರ ರಕ್ತ ಯಾವ ಗುಂಪು ಎಂಬ ಮಾಹಿತಿ, ಎಲ್ಲವೂ ಇಷ್ಟು ದಿನ ಪಕ್ಕದ ಮೇಜಿಗೆ ತೆರೆದುಕೊಂಡಿತ್ತು. ಅವನ ಕಣ್ಣೆದುರೇ ಕಳ್ಳಗಿಂಡಿಯನ್ನು ಹುಡುಕಿ ಅಳಿಸಿದಳು. ಅವನ ಖಾತೆಗೂ ಬೀಗ ಹಾಕಿದಳು.

ಹಿರಿಯ ಅಧಿಕಾರಿ ವಿಮಾನ ಇಳಿದ ಕೂಡಲೇ ಫೋನಿನಲ್ಲಿ ಎಲ್ಲವನ್ನೂ, ತನ್ನ ಪಾಲಿನದನ್ನೂ ಸೇರಿಸಿ, ಹೇಳಿದಳು. ಅವರು ಬೈಯಲಿಲ್ಲ. ಇಷ್ಟೇ ಕೇಳಿದರು: "ಎಡಿಟರ್ ಅಪ್ಪಣೆ ಇನ್ನು ಯಾರ್ಯಾರಿಗೆ ಕೊಟ್ಟಿದ್ದೀಯಮ್ಮ?"

ಪುಟ್ಟಿ ಕಡತವನ್ನು ಮೇಲಿಂದ ಓದಿದಳು. ಔಷಧ ಅಂಗಡಿಯವನು. ಎಕ್ಸ್‌ರೇ ಕೋಣೆಯವಳು. ಕೆಲಸ ಬಿಟ್ಟುಹೋಗಿದ್ದ ಗುತ್ತಿಗೆದಾರ. ಪ್ರತಿ ಸಾಲೂ ಅವಳ ಕೈಯದೇ.

ಭಾವನ ಕೆಲಸ ಹೋಯಿತು. ಅಕ್ಕ ಮಾತು ಬಿಟ್ಟಳು. ಪುಟ್ಟಿಯ ಕೆಲಸ ಉಳಿಯಿತು. ಆದರೆ ಅವಳು ಬರೆದ ಒಂದೊಂದು ನಿಯಮವನ್ನೂ ಇನ್ನೊಬ್ಬರು ಓದಿ ಒಪ್ಪಬೇಕೆಂದಾಯಿತು. ಹಾಗೆ ಮಾಡಿ ಎಂದು ಅವಳೇ ಕೇಳಿಕೊಂಡಿದ್ದಳು.