ಚಿಕ್ಕಬಸಮ್ಮನ ಓಟು ಊರು ಬದಲಿಸಿದ್ದು

ಚಿಕ್ಕಬಸಮ್ಮ ಭೇರ್ಯದಿಂದ ಹಾರನಹಳ್ಳಿಗೆ ಸೊಸೆಯಾಗಿ ಬಂದು ಮೂವತ್ತೆಂಟು ವರ್ಷವಾಗಿತ್ತು. ಅವಳ ರೇಷನ್ ಕಾರ್ಡು, ಆಧಾರು ಎಲ್ಲವೂ ಗಂಡನ ಮನೆಗೆ ಬಂದಿದ್ದವು. ಓಟು ಮಾತ್ರ ತವರಲ್ಲೇ ಉಳಿದಿತ್ತು. ಗಂಡ ಶಿವನಂಜಪ್ಪ ಮೈಸೂರಿನ ಎಂಪಿಯನ್ನು ಆರಿಸಿದರೆ ಹೆಂಡತಿ ಮಂಡ್ಯದವರನ್ನು ಆರಿಸುತ್ತಿದ್ದಳು.

ಚುನಾವಣೆ ಬಂತೆಂದರೆ ಅವಳಿಗೆ ಮೊದಲ ಬಸ್ಸು. ತಾನು ನಾಲ್ಕನೇ ಕ್ಲಾಸಿನವರೆಗೆ ಓದಿದ ಶಾಲೆಯಲ್ಲೇ ಬೂತು. ಅಕ್ಕ ದೊಡ್ಡಬಸಮ್ಮನ ಬೆನ್ನಿಗೆ ನಿಂತು, ಪಿಸುಪಿಸು ಮಾತಾಡಿ, ಓಟು ಹಾಕಿ, ಅಕ್ಕನ ಮನೆಯಲ್ಲಿ ಉಂಡು ಸಂಜೆಗೆ ವಾಪಸು. ಹಬ್ಬಕ್ಕೆ ಹೋಗುತ್ತೇನೆಂದರೆ 'ಹೊಗೆಸೊಪ್ಪಿನ ಸಸಿ ಮಡಿಗೆ ನೀರು ಬಿಡೋರ್ಯಾರು' ಎನ್ನುತ್ತಿದ್ದ ಅತ್ತೆ ಕೂಡ, ಬದುಕಿದ್ದಾಗ, ಓಟಿಗೆ ಬೇಡ ಅಂದವಳಲ್ಲ.

ಅಂಗನವಾಡಿ ಟೀಚರ್ ಸುಕನ್ಯಳೇ ಊರಿನ ಓಟರ್ ಲಿಸ್ಟನ್ನೂ ನೋಡಿಕೊಳ್ಳುತ್ತಿದ್ದಳು. "ಬಸಮ್ಮಕ್ಕ, ವಾಸ ಇರೋ ಕಡೆಗೆ ಓಟು ತರಬೇಕು ಕಣಕ್ಕ, ರೂಲ್ಸು ಅಂಗೈತೆ," ಎಂದು ಎಷ್ಟೋ ಸಲ ಹೇಳಿದ್ದಳು. ಚಿಕ್ಕಬಸಮ್ಮ "ಮುಂದಿನ ಸಲ ಬುಡು" ಎನ್ನುತ್ತಿದ್ದಳು.

ಆ ಜನವರಿಯಲ್ಲಿ ಊರವರು ಬಸ್ ತಂಗುದಾಣ ಕಟ್ಟಿಸಿಕೊಡಿ ಎಂದು ಎಂಪಿಗೆ ಅರ್ಜಿ ಬರೆದರು. ಯೋಚನೆ ಚಿಕ್ಕಬಸಮ್ಮನದೇ. ಹತ್ತಿರದ ಕೊಪ್ಪಕ್ಕೆ ಕೂಲಿಗೆ ಹೋಗುವ ಹೆಂಗಸರು ಬಿಸಿಲಲ್ಲಿ ನಿಲ್ಲುವುದನ್ನು ಅವಳಿಗೆ ನೋಡಲಾಗಿರಲಿಲ್ಲ. ಸಹಿ ಹಾಕಲು ಬಗ್ಗಿದಾಗ ಅರ್ಜಿ ಬರೆದ ಪುಟ್ಟಮಲ್ಲಪ್ಪ ನಕ್ಕ.

"ನಿಮ್ ಸಹಿ ಯಾಕಕ್ಕ? ನಿಮ್ ಎಂಪಿ ಮಂಡ್ಯದೋರಲ್ವಾ? ಅವ್ರನ್ನೇ ಕೇಳಿ."

ಎಲ್ಲರೂ ನಕ್ಕರು. ಅವಳೂ ನಕ್ಕಳು. ಆದರೆ ಮರುದಿನವೇ ಸುಕನ್ಯಳ ಮುಂದೆ ಕೂತು ಫಾರಂ ತುಂಬಿಸಿದಳು. ಆಮೇಲೆ ಅಕ್ಕನಿಗೆ ಫೋನು ಮಾಡಿ ಹೇಳಿದಳು.

"ಅಂಗಾರೆ ನೀನು ಬರಲ್ವಾ?" ಎಂದಳು ದೊಡ್ಡಬಸಮ್ಮ.

ಏಪ್ರಿಲ್ ಕೊನೆಯ ಶುಕ್ರವಾರ ಗಂಡ ಹೆಂಡತಿ ಮೊದಲ ಸಲ ಒಂದೇ ಬೂತಿಗೆ ಹೋದರು. ಗಂಡಸರ ಸಾಲಿನಿಂದ ಶಿವನಂಜಪ್ಪ ಎರಡು ಸಲ ತಿರುಗಿ ನೋಡಿದ. ಒಳಗೆ ಚಿಕ್ಕಬಸಮ್ಮ ಮೇಲಿಂದ ಕೆಳಗಿನವರೆಗೆ ಎಲ್ಲ ಹೆಸರೂ ಓದಿ ಗುಂಡಿ ಒತ್ತಿದಳು. ಬೇರೆಯವರ ಅಡುಗೆಮನೆಯಲ್ಲಿ ನಿಂತಂತೆ ಅನಿಸಿತು.

ಹೊರಗೆ ಗಂಡ ಮೊಪೆಡ್ ಸ್ಟಾರ್ಟ್ ಮಾಡಿಕೊಂಡು ಕಾಯುತ್ತಿದ್ದ.

"ಗಾಡಿ ಅತ್ತು ಕಣಮ್ಮಿ."

"ಎಲ್ಲಿಗೆ?"

"ಬೇರ್ಯಕ್ಕೆ. ನಿಮ್ಮಕ್ಕ ಕಾಯ್ತಾ ಕೂತಿರ್ತಾರೆ."

"ಅಲ್ಲಿ ನನ್ನ ಓಟೇ ಇಲ್ವಲ್ಲ!"

"ಓಟಿಲ್ದಿದ್ರೆ ಅಕ್ಕನೂ ಇಲ್ವಾ?"

ಅವಳು ಸೆರಗು ಬಿಗಿದು ಹಿಂದೆ ಕೂತಳು. ದಾರಿಯುದ್ದಕ್ಕೂ ಅವನ ಹೆಗಲ ಮೇಲಿಟ್ಟ ಕೈ ತೆಗೆಯಲಿಲ್ಲ.

ಭೇರ್ಯ ತಲುಪಿದಾಗ ಹತ್ತು ದಾಟಿತ್ತು. ದೊಡ್ಡಬಸಮ್ಮ ಚೀಟಿ ಹಿಡಿದು ಶಾಲೆಯ ಕಾಂಪೌಂಡಿನ ಪಕ್ಕ ಕಲ್ಲಿನ ಮೇಲೆ ಕೂತಿದ್ದಳು. ಓಣಿಯವರೆಲ್ಲ ಕರೆದರೂ ಒಳಗೆ ಹೋಗಿರಲಿಲ್ಲವಂತೆ.

"ಬಂದೇ ಬತ್ತೀಯ ಅಂತ ಗೊತ್ತಿತ್ತು ಕಣೆ," ಎಂದು ತಂಗಿಯ ಕೈ ಹಿಡಿದು ಎದ್ದಳು.

ಗೇಟಿನಲ್ಲಿ ಪೊಲೀಸಿನವನು ತಡೆದ. "ನಿಮ್ ಓಟೂ ಇಲ್ಲೇನಾ?"

"ಇಲ್ಲ ಸಾಮಿ, ನಂದು ಆರ್ನಳ್ಳೀಲಿ. ಆಗೋಯ್ತು," ಎಂದಳು ಚಿಕ್ಕಬಸಮ್ಮ. ಹಾಗೆ ಹೇಳಿದ್ದು ಅವಳ ಕಿವಿಗೇ ಚೆನ್ನಾಗಿ ಕೇಳಿಸಿತು. "ಇವ್ರು ನಮ್ಮಕ್ಕ. ಮಂಡಿ ನೋವೈತೆ, ಒಸಿ ಉಸಾರಾಗಿ ಕರ್ಕೊಂಡೋಗಿ."

ಅವನು ದೊಡ್ಡಬಸಮ್ಮನ ತೋಳು ಹಿಡಿದು ಮೆಟ್ಟಿಲು ಹತ್ತಿಸಿದ.

ಊಟವಾದ ಮೇಲೆ ಶಿವನಂಜಪ್ಪ ಹೊರಟು ನಿಂತ. ಅವಳೂ ಚೀಲ ಎತ್ತಿಕೊಂಡಳು. "ಸಸಿಗೆ ನಾನು ನೀರು ಬುಡ್ತೀನಿ. ನೀನು ಇದ್ದು ಬಾ," ಎಂದು ಅವನೊಬ್ಬನೇ ಹೊರಟುಬಿಟ್ಟ.

ಓಟಿನ ಕಾರಣವಿಲ್ಲದೆ ಚಿಕ್ಕಬಸಮ್ಮ ತವರಲ್ಲಿ ಮೂರು ದಿನ ಇದ್ದಳು. ಎರಡನೇ ದಿನ ಬೆಳಿಗ್ಗೆ ಗಂಡನ ಫೋನು ಬಂತು: ಉಪ್ಪಿನ ಡಬ್ಬಿ ಎಲ್ಲಿದೆ ಎಂದು. ಅಕ್ಕತಂಗಿಯರು ಬಿದ್ದೂ ಬಿದ್ದೂ ನಕ್ಕರು.